ಸ್ವೆಟರಿನವರೂ ರಬ್ಬರಿನವರೂ

ಅವರೆಕಾಯಿ ಕಾಲ ಬಂತೆಂದರೆ ನಮ್ಮ ಅನುಗೊಂಡನಹಳ್ಳಿಯ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಜಗಲಿಯ ಮೇಲೆ ಕುಳಿತು ಅವರೆ ಸುಲಿಯುವುದು ಒಂದು. ಟ್ರಂಕಿನ ತಳದಿಂದ ಸ್ವೆಟರುಗಳನ್ನು ತೆಗೆದು ಬಿಸಿಲಿಗೆ ಹಾಕುವುದು ಇನ್ನೊಂದು. ನನ್ನ ಕಂದು ಬಣ್ಣದ ಸ್ವೆಟರಿಗೆ ಈಗ ನಲವತ್ತು ವರ್ಷ ದಾಟಿದೆ. ಮೊಣಕೈ ಹತ್ತಿರ ಎರಡು ಸಲ ಹೆಣೆದು ಸರಿಮಾಡಿದ್ದೇನೆ. ಸೊಸೆ ನಗುತ್ತಾಳೆ, ಎಸೆಯಲು ನನಗೆ ಮನಸ್ಸು ಬರುವುದಿಲ್ಲ.

ಅದನ್ನು ಕೊಂಡದ್ದು 1982ರ ಡಿಸೆಂಬರಿನಲ್ಲಿ, ಬೆಂಗಳೂರಿನ ಮೆಜೆಸ್ಟಿಕ್ ಕಡೆ ರಸ್ತೆ ಬದಿಯಲ್ಲಿ ಕುಳಿತಿದ್ದ ಟಿಬೆಟ್ಟಿನ ಹೆಂಗಸಿನ ಹತ್ತಿರ. ನನಗೆ ಪ್ರಾಥಮಿಕ ಶಾಲೆಯ ಟೀಚರ್ ಕೆಲಸದ ಆರ್ಡರ್ ಬಂದಿತ್ತು. ಊರು ಸುಳ್ಯ ತಾಲ್ಲೂಕಿನ ಕಡೆ. ಹೊಸಕೋಟೆಯಿಂದಾಚೆಗೆ ಹೆಚ್ಚು ಹೋಗದ ನಮ್ಮಪ್ಪ, ಘಟ್ಟದ ಕೆಳಗೆ ಕಾಡು, ಕಾಡೆಂದಮೇಲೆ ಚಳಿ ಎಂದು ಲೆಕ್ಕ ಹಾಕಿ ಸ್ವೆಟರ್ ಕೊಡಿಸಿದರು. ಸುಳ್ಯದಲ್ಲಿ ಸೆಕೆ, ಇಲ್ಲದಿದ್ದರೆ ಮಳೆ. ಆರು ವರ್ಷ ಆ ಸ್ವೆಟರ್ ಟ್ರಂಕಿನಲ್ಲೇ ಮಲಗಿತ್ತು.

ಆ ಹೆಂಗಸು ಅಂದು ಚೌಕಾಶಿ ಮಾಡಲು ಬಿಡಲಿಲ್ಲ. "ಒಂದೇ ರೇಟು, ಅಕ್ಕ" ಎಂದಳು, ಮೈಸೂರು ಸೀಮೆಯ ಕನ್ನಡದಲ್ಲಿ. ಎಲ್ಲಿಯವಳೆಂದು ಅಪ್ಪ ಕೇಳಿದರೆ "ಬೈಲಕುಪ್ಪೆ" ಎಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪನಿಗೆ ಅದೇ ಮಾತು. "ಇವರಿಗೂ ನಮ್ಮ ಸರ್ಕಾರವೇ ಜಾಗ ಕೊಟ್ಟಿದ್ದು ನೋಡು, ವೈಟ್‌ಫೀಲ್ಡಿನವರಿಗೆ ಮಹಾರಾಜರು ಕೊಟ್ಟ ಹಾಗೆ." ನಮ್ಮೂರಿಗೆ ಹತ್ತಿರದ ವೈಟ್‌ಫೀಲ್ಡ್ ಎಂದರೆ ಈಗಿನ ಮಕ್ಕಳಿಗೆ ಗಾಜಿನ ಕಟ್ಟಡಗಳು. ಅದು ಹುಟ್ಟಿದ್ದು 1882ರಲ್ಲಿ, ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ ಸುಮಾರು 3,900 ಎಕರೆಯಲ್ಲಿ. ಎಲ್ಲಿಗೂ ಸೇರದ ಜನಕ್ಕೆ ಒಂದಿಷ್ಟು ನೆಲ ಸಿಕ್ಕರೆ ಬದುಕಿಕೊಳ್ಳುತ್ತಾರೆ ಎನ್ನುವುದು ರೈತನಾದ ನಮ್ಮಪ್ಪನ ನಂಬಿಕೆ.

ಸುಳ್ಯಕ್ಕೆ ಹೋದಮೇಲೆ ಇನ್ನೊಂದು ಬಗೆಯ ಜನರನ್ನು ಕಂಡೆ. ನನ್ನ ಶಾಲೆಯ ಮಕ್ಕಳಲ್ಲಿ ಕಾಲು ಭಾಗ ರಬ್ಬರ್ ತೋಟದ ಲೈನು ಮನೆಗಳಿಂದ ಬರುತ್ತಿದ್ದರು. ಮನೆಮಾತು ತಮಿಳು. ಊರಿನವರು ಅವರನ್ನು "ಸಿಲೋನಿನವರು" ಎನ್ನುತ್ತಿದ್ದರು. ಮೊದಲ ವಾರ ನಾನು ಏನೂ ತಿಳಿಯದೆ, ತಮಿಳುನಾಡಿನಿಂದ ಕೂಲಿಗೆ ಬಂದವರಿರಬೇಕು ಎಂದುಕೊಂಡಿದ್ದೆ. ಆ ತಿಳಿಗೇಡಿತನದ ಕಥೆಯನ್ನು ಮುಂದೆ ಹೇಳಬೇಕಾಗಿದೆ.

ಇವರ ಹಿರಿಯರು ಬ್ರಿಟಿಷರ ಕಾಲದಲ್ಲಿ ತಿರುಚಿರಾಪಳ್ಳಿ, ಸೇಲಂ, ಮಧುರೆ, ರಾಮನಾಥಪುರದ ಕಡೆಯಿಂದ ಸಿಲೋನಿಗೆ ಹೋದವರು. ಮೊದಲು ಕಾಫಿ ತೋಟಗಳಿಗೆ. 1869ರ ನಂತರ ಎಲೆ ರೋಗ ಬಡಿದು ಕಾಫಿ ಹಾಳಾದಮೇಲೆ ಚಹಾ ತೋಟಗಳಿಗೆ. ಕಂಗಾಣಿಯ ಹತ್ತಿರ ಮುಂಗಡ ತೆಗೆದುಕೊಂಡು ಹೊರಟವರು, ಆ ಸಾಲ ತೀರಿಸುವುದರಲ್ಲೇ ಒಂದು ತಲೆಮಾರು ಸವೆಸಿದರು. ಕ್ಯಾಂಡಿ, ಹ್ಯಾಟನ್ ಕಡೆಯ ಗುಡ್ಡಗಳಲ್ಲಿ ಎಲೆ ಕಿತ್ತವರಲ್ಲಿ ಹೆಂಗಸರೇ ಹೆಚ್ಚು. ಸಿಲೋನ್ ಸ್ವತಂತ್ರವಾದ ವರ್ಷವೇ, 1948ರಲ್ಲಿ, ಅಲ್ಲಿನ ಪೌರತ್ವ ಕಾಯಿದೆ ಇವರನ್ನು ಹೊರಗಿಟ್ಟಿತು. ಮೂರು ತಲೆಮಾರು ಅಲ್ಲೇ ಹುಟ್ಟಿ ಬೆಳೆದವರು ಯಾವ ದೇಶಕ್ಕೂ ಸೇರದವರಾದರು.

1964ರ ಅಕ್ಟೋಬರ್ 30ರಂದು ನಮ್ಮ ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ ಅವರ ಸಿರಿಮಾವೊ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡರು. ಒಟ್ಟು 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ. ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣವೆಂದು ಬಿಟ್ಟರು. 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅವರನ್ನೂ ಸರಿಯಾಗಿ ಅರ್ಧಕ್ಕರ್ಧ ಹಂಚಿದರು. ಅಣ್ಣತಮ್ಮಂದಿರು ಭಾಗವಾಗುವಾಗ ಪಾತ್ರೆ ಹಂಚಿಕೊಂಡ ಹಾಗೆ. ಒಂದೇ ಮನೆಯಲ್ಲಿ ಅಕ್ಕ ಭಾರತಕ್ಕೆ, ತಂಗಿ ಸಿಲೋನಿಗೆ ಆದದ್ದೂ ಉಂಟು. ಬಂದವರು ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದರು. ಮಂಡಪಂ ಶಿಬಿರದಲ್ಲಿ ಕೆಲವು ದಿನ ಕಳೆದರು. ಅಲ್ಲಿಂದ ಕೆಲವರು ನೀಲಗಿರಿಯ ಚಹಾ ತೋಟಗಳಿಗೆ, ಕೆಲವರು ಕೇರಳದ ಪುನಲೂರಿನ ರಬ್ಬರಿಗೆ, ಕೆಲವರು ನಮ್ಮ ಸುಳ್ಯ, ಪುತ್ತೂರಿನ ಕಾಡು ಕಡಿದು ನೆಟ್ಟ ರಬ್ಬರಿಗೆ. ಈ ತೋಟಗಳು ಅರಣ್ಯ ಅಭಿವೃದ್ಧಿ ನಿಗಮದವು. ನಿಗಮ ಸ್ಥಾಪನೆಯಾದದ್ದು 1971ರಲ್ಲಿ.

ಸರ್ಕಾರದ ಕಾಗದದಲ್ಲಿ ಇವರು ನಿರಾಶ್ರಿತರಲ್ಲ, "ಸ್ವದೇಶಕ್ಕೆ ಮರಳಿದವರು". ಅಜ್ಜನ ಅಜ್ಜ ಬಿಟ್ಟುಹೋದ ದೇಶಕ್ಕೆ ಮರಳುವುದು ಎಂಥ ಮರಳುವಿಕೆಯೋ! ನನ್ನ ಶಾಲೆಯ ಒಬ್ಬ ತಾಯಿ, "ನಮ್ಮೂರು ನುವಾರಾ ಎಲಿಯಾ ಟೀಚರ್, ಬೆಳಿಗ್ಗೆ ಬಾಯಿಂದ ಹೊಗೆ ಬರುವಷ್ಟು ಚಳಿ" ಎನ್ನುತ್ತಿದ್ದಳು. ನನ್ನ ಸ್ವೆಟರ್ ಮುಟ್ಟಿ ನೋಡಿ, ಅಲ್ಲಿ ತನಗೂ ಇಂಥದ್ದೊಂದು ಇತ್ತು ಎಂದಳು. ಸುಳ್ಯದಲ್ಲಿ ಆ ಸ್ವೆಟರಿನ ಬೆಲೆ ತಿಳಿದವಳು ಅವಳೊಬ್ಬಳೇ.

ಅವಳ ದಿನ ಹೀಗಿರುತ್ತಿತ್ತು. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ತೋಟಕ್ಕೆ. ಬಿಸಿಲೇರಿದರೆ ರಬ್ಬರ್ ಹಾಲು ಇಳಿಯುವುದಿಲ್ಲ. ಒಬ್ಬರಿಗೆ ಮುನ್ನೂರರ ಮೇಲೆ ಮರ. ತೊಗಟೆಯನ್ನು ಓರೆಯಾಗಿ, ತೆಳ್ಳಗೆ ಕೆತ್ತಬೇಕು. ಒಂದು ಕೂದಲೆಳೆ ಆಳ ಹೋದರೆ ಮರಕ್ಕೆ ಗಾಯ, ಮೇಸ್ತ್ರಿಯ ಬೈಗುಳ. ಆಮೇಲೆ ಮರಮರಕ್ಕೂ ಹೋಗಿ ಚಿಪ್ಪಿನಲ್ಲಿ ತುಂಬಿದ ಹಾಲನ್ನು ಬಕೆಟ್ಟಿಗೆ ಸುರಿದು, ಗುಡ್ಡ ಇಳಿದು ತೂಕಕ್ಕೆ ಒಯ್ಯಬೇಕು. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿತ್ತು, ಅದನ್ನು ಹೇಳಲೇಬೇಕು. ನಮ್ಮ ಹೋಬಳಿಯಲ್ಲಿ ರಾಗಿ ಹೊಲದ ಕೂಲಿ ಹೆಂಗಸರಿಗೆ ಅಷ್ಟೂ ನಿಶ್ಚಯವಿರಲಿಲ್ಲ. ಆದರೆ ಮನೆ ನಿಗಮದ್ದು, ಕೆಲಸವಿರುವ ತನಕ ಮಾತ್ರ. ಇವರು ಸಿಲೋನಿನಲ್ಲೂ ಲೈನು ಮನೆಯಲ್ಲಿದ್ದರು, ಇಲ್ಲೂ ಲೈನು ಮನೆಯಲ್ಲಿದ್ದರು. ನಡುವೆ ಒಂದು ಸಮುದ್ರ ದಾಟಿದ್ದರು, ಅಷ್ಟೇ.

ಬೈಲಕುಪ್ಪೆ ನೋಡಿದ್ದು ತುಂಬ ತಡವಾಗಿ, 2004ರಲ್ಲಿ. ನಮ್ಮ ಯಜಮಾನರ ಅಕ್ಕನ ಮನೆಯವರೊಂದಿಗೆ ವ್ಯಾನು ಮಾಡಿಕೊಂಡು ಕುಶಾಲನಗರದ ಕಡೆ ಹೋಗಿದ್ದೆವು. ಎಲ್ಲರೂ ನಮ್ಡ್ರೋಲಿಂಗ್ ವಿಹಾರದ ಚಿನ್ನದ ಬುದ್ಧನ ಮುಂದೆ ನಿಂತಿದ್ದಾಗ ನಾನು ಹೊರಗಿನ ಅಂಗಡಿಯಲ್ಲಿ ಕುಳಿತೆ. ಅಂಗಡಿಯವಳಿಗೆ ನನ್ನ ತಂಗಿಯ ವಯಸ್ಸಿರಬಹುದು. ಸ್ವೆಟರಿನ ಕಥೆ ಹೇಳಿದೆ. "ನಮ್ಮಮ್ಮನೂ ಮಾರ್ತಿದ್ರು ಅಕ್ಕ, ಲುಧಿಯಾನದಿಂದ ತಂದು" ಎಂದಳು. ಹಾಗಾದರೆ ಇವರೇ ಹೆಣೆದದ್ದೆಂದು ನಾನು ಇಪ್ಪತ್ತು ವರ್ಷ ಹೇಳಿಕೊಂಡು ತಿರುಗಿದ್ದು ಸುಳ್ಳಾಯಿತು!

ಅವಳ ತಾಯಿ ತಂದೆ ಬಂದಾಗ ಇಲ್ಲಿದ್ದದ್ದು ಕಾಡು. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದಮೇಲೆ ಹಿಂದೆಯೇ ಸಾವಿರಾರು ಜನ ಬಂದರು. ನೆಹರೂ ರಾಜ್ಯಗಳನ್ನು ಕೇಳಿದರು. ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಮೊದಲ ತಂಡ ಬಂದದ್ದು 1960ರ ಕೊನೆಯಲ್ಲಿ. ಹಿಮದ ಊರಿನ ಜನಕ್ಕೆ ನಮ್ಮ ಬಿಸಿಲು, ನಮ್ಮ ಜ್ವರ, ಬೆಳೆದ ಮುಸುಕಿನ ಜೋಳಕ್ಕೆ ಆನೆ. ಡೇರೆಗಳಲ್ಲಿದ್ದುಕೊಂಡು ಕಾಡು ಕಡಿಯುವಾಗ ಸತ್ತವರೂ ಇದ್ದರು. ಆಮೇಲೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳಲ್ಲೂ ನೆಲೆಗಳಾದವು. ಇವರ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಆ ಹೆಸರು ಗೊತ್ತಿರುವುದು ಸ್ವಸಹಾಯ ಸಂಘದ ಮೂಲಕ. ಅದರ ಬೇರು ಟಿಬೆಟ್ಟಿನವರ ಹೊಲದಲ್ಲಿದೆ.

ಅವರಿಗೆ ನೆಲದ ಜೊತೆಗೆ ಇನ್ನೂ ಬಂದದ್ದನ್ನು ಲೆಕ್ಕ ಹಾಕಿ ನೋಡಿ. ಅವರದೇ ಸಹಕಾರ ಸಂಘ, ವಿದೇಶದ ಸಹಾಯದಿಂದ ಟ್ರ್ಯಾಕ್ಟರು, ರತ್ನಗಂಬಳಿ ನೇಯುವ ಕೇಂದ್ರ, ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕವಾಗಿ ಏರ್ಪಡಿಸಿದ ಶಾಲೆಗಳ ವ್ಯವಸ್ಥೆ. ಮೇಲಾಗಿ, ಊರಿಗೆ ಊರೇ ಗುರುಗಳ ಸಮೇತ ಬಂದು ಒಂದೇ ಕಡೆ ಕೂತಿತು. ಅವರ ಪರವಾಗಿ ಮಾತನಾಡುವ, ಜಗತ್ತೇ ಕಿವಿಗೊಡುವ ಒಬ್ಬರು ಇದ್ದರು. ಸಿಲೋನಿನವರನ್ನು ಹಡಗಿನಿಂದ ಇಳಿಸಿ ನಾಲ್ಕು ರಾಜ್ಯಕ್ಕೆ ಹಂಚಿಬಿಟ್ಟರು. ಸುಳ್ಯದ ಗುಡ್ಡದಲ್ಲಿರುವ ಟ್ಯಾಪಿಂಗ್ ಹೆಂಗಸಿನ ಹೆಸರು ಹಿಡಿದು ಕೂಗುವವರು ಯಾವ ದೇಶದಲ್ಲಿದ್ದಾರೆ?

ಹಾಗೆಂದು ಟಿಬೆಟ್ಟಿನವರು ಸುಖವಾಗಿದ್ದಾರೆ ಎಂದು ಮಾತು ಮುಗಿಸಿಬಿಟ್ಟರೆ ತಪ್ಪಾಗುತ್ತದೆ. ಅಂಗಡಿಯವಳು ಹುಟ್ಟಿದ್ದು ಬೈಲಕುಪ್ಪೆಯಲ್ಲೇ. ಟಿಬೆಟ್ಟನ್ನು ಕಣ್ಣಿಂದ ಕಂಡಿಲ್ಲ. ಆದರೂ ಒಂದು ನೋಂದಣಿ ಪುಸ್ತಕವನ್ನು ಕಾಲಕಾಲಕ್ಕೆ ಪೊಲೀಸರ ಹತ್ತಿರ ಹೊಸದು ಮಾಡಿಸಿಕೊಳ್ಳಬೇಕು. ಹೊಲ ಗುತ್ತಿಗೆಯದು, ಮಾರುವ ಹಾಗಿಲ್ಲ. ಸರ್ಕಾರಿ ಕೆಲಸದ ಕನಸಿಲ್ಲ. "ಮಗ ಅಮೆರಿಕಕ್ಕೆ ಹೋಗ್ಬೇಕು ಅಂತಾನೆ ಅಕ್ಕ, ಹೋಗ್ಲಿ, ಅಲ್ಲಾದ್ರೂ ಒಂದು ಪಾಸ್‌ಪೋರ್ಟ್ ಸಿಗ್ಲಿ" ಎಂದಳು. ಅಮೆರಿಕ 1990ರ ಕಾಯಿದೆಯಲ್ಲಿ ಭಾರತ, ನೇಪಾಳದಲ್ಲಿದ್ದ ಟಿಬೆಟ್ಟಿನವರಿಗಾಗಿ 1,000 ವೀಸಾ ಇಟ್ಟಿತ್ತು. ಆ ಬಾಗಿಲು ಸಂದು ತೆರೆದದ್ದೇ, ಅವರ ಮಕ್ಕಳ ಕಣ್ಣೆಲ್ಲ ಆ ಕಡೆಗೆ.

ನಿಜವಾಗಿ ನೋಡಿದರೆ, 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಈ ನೆಲದಲ್ಲಿ ಹುಟ್ಟಿದವರು ನಮ್ಮ ಕಾಯಿದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಟಿಬೆಟ್ಟಿನ ಮಕ್ಕಳಿಗೂ ಅದು ಅನ್ವಯಿಸುತ್ತದೆಂದು ಹೇಳಲು 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಹೈಕೋರ್ಟು ಬೇಕಾಯಿತು. ನಾವು ಮಾತಾಡಿದಾಗ ಅವಳಿಗೂ ಅದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅಂದು ವ್ಯಾನಿನಲ್ಲಿ ಬರುತ್ತಾ ನನಗೆ ಹೊಳೆದದ್ದಿಷ್ಟು. ಪೌರತ್ವದ ಕಾಗದ ಇಲ್ಲದವರಿಗೆ ಕಾಲೂರಲು ನೆಲವಿತ್ತು. ಕಾಗದವಿದ್ದವರಿಗೆ ನೆಲವಿರಲಿಲ್ಲ. ಸಿಲೋನಿನವರಿಗೆ ಓಟು ಇತ್ತು, ಪಾಸ್‌ಪೋರ್ಟ್ ಇತ್ತು. ಇದ್ದೂ, 1991ರ ಡಿಸೆಂಬರಿನಲ್ಲಿ ಕಾವೇರಿ ಗಲಭೆಯಾದಾಗ ಬೆಂಗಳೂರಿನಲ್ಲಿ ತಮಿಳರ ಮನೆಗಳಿಗೆ ಬೆಂಕಿ ಬಿತ್ತು. 1958ರಲ್ಲಿ, 1977ರಲ್ಲಿ ಸಿಲೋನಿನಲ್ಲಿ ಅದೇ ಬೆಂಕಿ ಕಂಡು ಬಂದವರು ಆ ಸುದ್ದಿ ಕೇಳಿದಾಗ ಏನೆಂದುಕೊಂಡರೋ. ನಾನು ಅಷ್ಟು ಹೊತ್ತಿಗೆ ವರ್ಗವಾಗಿ ನಮ್ಮ ತಾಲ್ಲೂಕಿಗೆ ಬಂದಾಗಿತ್ತು.

ಇನ್ನು ಆ ತಿಳಿಗೇಡಿತನದ ವಿಷಯ. 1984ರ ಜೂನ್. ಒಂದನೆಯ ತರಗತಿಗೆ ಸೇರಿಸುವ ಗಲಾಟೆ. ಮಳೆ ಸುರಿಯುತ್ತಿತ್ತು, ಸಾಲು ಉದ್ದವಿತ್ತು. ನನ್ನ ಸ್ವೆಟರ್ ಮುಟ್ಟಿ ನೋಡಿದ ಆ ತಾಯಿ ಮಗಳನ್ನು ಕರೆತಂದಿದ್ದಳು. ಅಡ್ಮಿಷನ್ ರಿಜಿಸ್ಟರಿನಲ್ಲಿ ಹೆಸರು, ಹುಟ್ಟಿದ ದಿನ, ತಂದೆಯ ಉದ್ಯೋಗ ಬರೆದೆ. ಜಾತಿಯ ಕಾಲಂ ಬಂದಾಗ ಮುಜುಗರವಾಯಿತೋ, ಅವಸರವೋ, ಕೇಳಲೇ ಇಲ್ಲ. "ತಮಿಳು" ಎಂದು ಬರೆದು ಮುಂದಿನ ಮಗುವನ್ನು ಕರೆದೆ. ಆ ವರ್ಷ ಲೈನು ಮನೆಗಳ ಮಕ್ಕಳಿಗೆಲ್ಲ ಹಾಗೆಯೇ ಬರೆದೆ. ಜಾತಿ ಕೇಳದಿರುವುದು ದೊಡ್ಡ ಗುಣವೆಂಬ ಒಂದು ಹೆಮ್ಮೆಯೂ ಒಳಗೆ ಇದ್ದಿರಬೇಕು.

ಸಿಲೋನಿನ ತೋಟಗಳಿಗೆ ಹೋದವರಲ್ಲಿ ಬಹಳ ಮಂದಿ ದಲಿತರು. ಈ ಮನೆಯವರು ಆದಿ ದ್ರಾವಿಡರು. ಆ ಹೆಸರು ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಇದೆ. ಆದರೆ ಹೊರಗಿನಿಂದ ಬಂದವರು ಅದನ್ನು ಕಾಗದದಲ್ಲಿ ತೋರಿಸಬೇಕು. ಕ್ಯಾಂಡಿಯಿಂದ ತಂದ ಕಾಗದಗಳು ಅರ್ಧ ಗೆದ್ದಲು ತಿಂದಿದ್ದವು. ಉಳಿದ ದೊಡ್ಡ ಆಧಾರ ಶಾಲೆಯ ದಾಖಲೆ.

1996ರಲ್ಲಿ ಆ ಹುಡುಗಿ ನನಗೆ ಕಾಗದ ಬರೆದಳು. ದುಂಡಗಿನ ಅಕ್ಷರ, ತಪ್ಪಿಲ್ಲದ ಕನ್ನಡ. ಪಿಯುಸಿ ಪಾಸಾಗಿದ್ದಾಳೆ, ಟಿ.ಸಿ.ಎಚ್. ಓದಿ ಟೀಚರ್ ಆಗಬೇಕೆಂದಿದ್ದಾಳೆ. ಜಾತಿ ಪ್ರಮಾಣಪತ್ರಕ್ಕೆ ಹೋದರೆ ಶಾಲೆಯ ದಾಖಲೆಯಲ್ಲಿ "ತಮಿಳು" ಎಂದಿದೆ, ಅದು ಭಾಷೆ, ಜಾತಿಯಲ್ಲ ಎಂದು ಅರ್ಜಿ ವಾಪಸು ಮಾಡಿದ್ದಾರೆ. "ನೀವು ಆಗ ನಮ್ಮನ್ನು ಕೇಳಿ ಬರೆದದ್ದೇ ಟೀಚರ್? ಅಮ್ಮ ನೆನಪಿಲ್ಲ ಅನ್ನುತ್ತಾಳೆ." ಬೈಗುಳವಿಲ್ಲ, ಆ ಒಂದು ಪ್ರಶ್ನೆ ಅಷ್ಟೇ.

ಕೇಳದೆ ಬರೆದೆನೆಂದು ಬಿಳಿಯ ಹಾಳೆಯಲ್ಲಿ ಬರೆದು, ಸಹಿ ಹಾಕಿ, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಬೇಕಾದರೆ ಬಂದು ಹೇಳುತ್ತೇನೆಂದೂ ಬರೆದೆ. ರಿಜಿಸ್ಟರಿನಲ್ಲಿದ್ದದ್ದನ್ನು ಒಂದು ಹಾಳೆಯ ಮೇಲೆ ತಿದ್ದಲಾಗುವುದಿಲ್ಲವೆಂದು ಯಾರೋ ಅವಳಿಗೆ ಹೇಳಿದರಂತೆ. ಅಷ್ಟರಲ್ಲಿ ಸೀಟು ಹಂಚಿಕೆ ಮುಗಿದಿತ್ತು. ಮರುವರ್ಷ ಅವಳು ಬೆಂಗಳೂರಿನ ಒಂದು ಗಾರ್ಮೆಂಟ್ಸಿಗೆ ಸೇರಿದಳು.

ಮೊನ್ನೆ ದೀಪಾವಳಿಗೆ ಫೋನು ಮಾಡಿದ್ದಳು. ಈಗ ವೈಟ್‌ಫೀಲ್ಡಿನಲ್ಲಿ ಬಾಡಿಗೆ ಮನೆ, ನಮ್ಮೂರಿಗೆ ಇಷ್ಟು ಹತ್ತಿರ. ತಾಯಿಗೆ ನಿವೃತ್ತಿಯಾಗಿ ಲೈನು ಮನೆ ಬಿಡಬೇಕಾಯಿತಂತೆ, ಅವಳೂ ಜೊತೆಗಿದ್ದಾಳೆ. "ಅಮ್ಮನಿಗೆ ಇಲ್ಲಿನ ಚಳಿ ಇಷ್ಟ ಟೀಚರ್. ನುವಾರಾ ಎಲಿಯಾ ನೆನಪಾಗ್ತದಂತೆ" ಎಂದಳು. ಅವರೆಕಾಯಿ ಬಂದಮೇಲೆ ಇಬ್ಬರೂ ಬರಬೇಕೆಂದು ಹೇಳಿದ್ದೇನೆ. ಸ್ವೆಟರನ್ನು ಒಗೆದು ಬಿಸಿಲಿಗೆ ಹಾಕಿದ್ದೇನೆ.