ಸಮತೋಲವನ್ನು ಅಳೆಯಹೊರಟ ವಸ್ತ್ರ

ಪಾರ್ಶ್ವವಾಯುವಿನಿಂದ ದೇಹದ ಒಂದು ಮಗ್ಗುಲು ಸ್ವಾಧೀನ ತಪ್ಪಿದವನು ಮತ್ತೆ ಎದ್ದು ನಿಲ್ಲುವಾಗ, ತನ್ನ ಭಾರವನ್ನೆಲ್ಲ ಸ್ವಸ್ಥವಾದ ಕಾಲಿನ ಮೇಲೆ ಹೇರಿಕೊಂಡೂ ತಾನು ನೆಟ್ಟಗೆ ನಿಂತಿರುವೆನೆಂದೇ ಭಾವಿಸುವುದುಂಟು. ಆ ವಾಲುವಿಕೆಯನ್ನು ಗುರುತಿಸುವ ಕಾರ್ಯ ವೈದ್ಯನ ಕಣ್ಣಿನಿಂದ ಯಂತ್ರಕ್ಕೂ, ಯಂತ್ರದಿಂದ ರೋಗಿಯ ಉಡುಪಿಗೂ ಸಾಗಿಬಂದ ಚರಿತ್ರೆ ಬಹಳ ಹಳೆಯದೇನೂ ಅಲ್ಲ.

ಪಾದಗಳನ್ನು ಜೋಡಿಸಿ, ಕಣ್ಣು ಮುಚ್ಚಿಸಿ, ರೋಗಿ ಎಷ್ಟು ತೂಗಾಡುವನೆಂದು ನೋಡುವ ಪರೀಕ್ಷೆಯನ್ನು 1840ರ ದಶಕದಲ್ಲಿ ವಿವರಿಸಿದವನು ಬರ್ಲಿನ್ನಿನ ವೈದ್ಯ ಮೊರಿಟ್ಜ್ ರೋಂಬರ್ಗ್. ಅವನ ಲಕ್ಷ್ಯವಿದ್ದುದು ಬೆನ್ನುಹುರಿಯ ರೋಗದ ಕಡೆಗೇ ಹೊರತು ಪಾರ್ಶ್ವವಾಯುವಿನ ಕಡೆಗಲ್ಲ. ಆದರೂ ನಿಂತ ದೇಹವೇ ರೋಗದ ಸಾಕ್ಷಿಯಾಗಬಲ್ಲುದೆಂಬ ತಿಳಿವಳಿಕೆಗೆ ಶಾಸ್ತ್ರದ ಸ್ಥಾನ ದೊರೆತುದು ಹೀಗೆ. ಇಪ್ಪತ್ತನೆಯ ಶತಮಾನದಲ್ಲಿ, ಪಾದದ ಒತ್ತಡವನ್ನು ಅಳೆಯುವ ಫಲಕಗಳು ಪ್ರಯೋಗಶಾಲೆಗಳ ನೆಲವನ್ನು ಸೇರಿದವು. 1989ರಲ್ಲಿ ಕೆನಡಾದ ಕ್ಯಾಥರಿನ್ ಬರ್ಗ್ ಮತ್ತು ಸಂಗಡಿಗರು ಪ್ರಕಟಿಸಿದ ಸಮತೋಲ ಪರೀಕ್ಷೆಯ ಕ್ರಮಕ್ಕಾದರೋ ಒಂದು ಕುರ್ಚಿ, ಒಂದು ಅಳತೆಪಟ್ಟಿ, ಒಂದು ಗಡಿಯಾರ, ಒಂದು ಮೆಟ್ಟಿಲು ಇದ್ದರೆ ಸಾಕು: ಹದಿನಾಲ್ಕು ಕ್ರಿಯೆಗಳು, ಒಟ್ಟು 56 ಅಂಕಗಳು.

ಬಟ್ಟೆಯ ಕಥೆ ಆರಂಭವಾಗುವುದು ಆಸ್ಪತ್ರೆಯಲ್ಲಲ್ಲ, ಯುದ್ಧದ ಚಿಂತೆಯಲ್ಲಿ. ಗಾಯಗೊಂಡ ಸೈನಿಕನಿಗೆ ಗುಂಡು ತಗುಲಿದ ಸ್ಥಳವನ್ನು ದೂರದಿಂದಲೇ ಅರಿಯಬೇಕೆಂಬ ಅಮೆರಿಕದ ನೌಕಾದಳದ ಅಪೇಕ್ಷೆಯಂತೆ, ಅಟ್ಲಾಂಟಾದ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಸುಂದರೇಶನ್ ಜಯರಾಮನ್ ಅವರ ತಂಡ 1996ರ ಸುಮಾರಿಗೆ ದ್ಯುತಿತಂತುಗಳನ್ನು ಸೇರಿಸಿ ಅಂಗಿಯೊಂದನ್ನು ನೇಯಿತು. ಇಟಲಿಯ ಪೀಸಾದಲ್ಲಿ ದಾನಿಲೊ ದೆ ರೋಸ್ಸಿ ಮತ್ತು ಸಂಗಡಿಗರು ಹಿಡಿದ ಮಾರ್ಗ ಬೇರೆ: ಹಿಗ್ಗುವ ಲೈಕ್ರಾ ಬಟ್ಟೆಗೆ ಇಂಗಾಲ ಬೆರೆತ ರಬ್ಬರಿನ ಗೆರೆಗಳನ್ನು ಲೇಪಿಸಿ, ಕೀಲು ಮಡಿಚಿದೊಡನೆ ಆ ಗೆರೆಗಳ ವಿದ್ಯುತ್ ನಿರೋಧ ಬದಲಾಗುವುದನ್ನೇ ಚಲನೆಯ ಅಳತೆಯಾಗಿ ಅವರು ಬಳಸಿದರು. ಬಟ್ಟೆ ಮೊದಲಿನ ಉದ್ದಕ್ಕೆ ಮರಳಿದರೂ ನಿರೋಧ ಮರಳಲು ತಡಮಾಡುತ್ತಿದ್ದುದರಿಂದ, ಆ ತಡವನ್ನು ಲೆಕ್ಕದಿಂದ ಸರಿಪಡಿಸುವ ಶ್ರಮವೂ ಅವರ ಪಾಲಿಗೆ ಬಂದಿತು.

ಇಷ್ಟು ಪಾಡುಪಡುವುದಕ್ಕೆ ಕಾರಣವಿತ್ತು. ಚಿಕಿತ್ಸಕನೆದುರು ಚೆನ್ನಾಗಿ ನಿಂತು ತೋರಿಸಿದ ರೋಗಿ ಮನೆಯ ಬಚ್ಚಲಿನಲ್ಲಿ, ಹೊಸ್ತಿಲಿನ ಬಳಿ ಹಾಗೆಯೇ ನಿಲ್ಲುವನೆಂಬ ಭರವಸೆಯಿಲ್ಲ. ನೆಲದ ಫಲಕ ಅವನೊಡನೆ ಮನೆಗೆ ಬಾರದು. 2010ರ ದಶಕದಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ ನಡೆದ ‘ಇಂಟರಾಕ್ಷನ್’ ಯೋಜನೆ, ಪಾರ್ಶ್ವವಾಯು ಪೀಡಿತರ ನಿತ್ಯಜೀವನದ ಚಲನೆಯನ್ನೇ ಉಡುಪಿನಿಂದ ಗ್ರಹಿಸಲು ಯತ್ನಿಸಿತು.

ಆದರೆ ಒಂದು ತೊಡಕಿಗೆ ತಕ್ಕ ಗಮನ ದೊರೆತಿಲ್ಲವೆಂದು ನನಗೆ ತೋರುತ್ತದೆ. ಅಂಗಿ ತೊಡುವಾಗ ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಿ, ಬಿಚ್ಚುವಾಗ ಅದನ್ನೇ ಕಡೆಗೆ ಹೊರತೆಗೆಯಬೇಕೆಂದು ಚಿಕಿತ್ಸಕರು ರೋಗಿಗೆ ಕಲಿಸುತ್ತಾರೆ. ಸಡಿಲವಾದ ಅಂಗಿಯೊಡನೆಯೇ ಇದು ಹರಸಾಹಸ. ಅಳತೆ ಕೆಡದಂತೆ ಮೈಗೆ ಬಿಗಿಯಾಗಿ ಅಂಟಿರಬೇಕಾದ ಉಡುಪನ್ನು ಒಂದೇ ಕೈಯಿಂದ ತೊಡುವುದು ಹೇಗೆ? ಬೆವರು, ಒಗೆತಗಳ ಬಾಧೆ ಬೇರೆ. ಚಿಕಿತ್ಸಾಲಯಗಳಲ್ಲಿ ಸಮತೋಲದ ಅಂಕ ಬರೆದುಕೊಳ್ಳಲು ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಕುರ್ಚಿ, ಗಡಿಯಾರಗಳ ಆ ಪರೀಕ್ಷೆಯೇ.