ಲೆಫ್ಟಿನೆಂಟರ ಹಿಂದೆ ಇಪ್ಪತ್ತು ಸೈಕಲ್ಲು

ನಮ್ಮ ಅಜ್ಜನ ಹತ್ತಿರ ಒಂದು ಹಳೆಯ ಸೈಕಲ್ಲಿತ್ತು. ನವಲಗುಂದ ತಾಲೂಕಿನ ನಮ್ಮೂರಿಂದ ವಾರದ ಸಂತೆಗೆ ಅದರ ಮೇಲೆಯೇ ಹೋಗುತ್ತಿದ್ದ. ಎರೆಭೂಮಿ ಕಂಡವರಿಗೆ ಗೊತ್ತಿರುತ್ತದೆ, ಎರಡು ಹನಿ ಮಳೆ ಬಿದ್ದರೆ ಸಾಕು, ಆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರ ತಿರುಗುವುದೇ ಇಲ್ಲ. ಅಜ್ಜ ಕೆರೆದು ತೆಗೆಯಲು ಒಂದು ಜಾಲಿ ಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದ. ಅದೂ ಸಾಲದಾದಾಗ ಸೈಕಲ್ಲನ್ನು ಹೆಗಲಿಗೇರಿಸುತ್ತಿದ್ದ. "ಬ್ಯಾಸಗಿಯಾಗ ನಾವು ಸೈಕಲ್ ಮ್ಯಾಲ ಕುಂದರತೇವಿ, ಮಳಿಗಾಲದಾಗ ಸೈಕಲ್ ನಮ್ಮ ಮ್ಯಾಲ ಕುಂದರತೈತಿ" ಎನ್ನುವುದು ಅವನ ಮಾತು.

ನನ್ನ ಪಿಎಚ್‌ಡಿ ಇರುವುದು ಮುಂಬೈ ಕರ್ನಾಟಕದ ಹಳೆಯ ರಸ್ತೆಗಳ ಮೇಲೆ. ಡಾಂಬರು ಬರುವ ಮೊದಲಿನ ಕಡಿ ರಸ್ತೆ, ಕಚ್ಚಾ ರಸ್ತೆಗಳ ಬಗ್ಗೆ ಬೇರೆ ದೇಶಗಳಲ್ಲಿ ಏನು ಬರೆದಿದ್ದಾರೆ ಎಂದು ಹುಡುಕುತ್ತಿದ್ದಾಗ ಅಮೆರಿಕದ ಮೊಂಟಾನಾ ಸೀಮೆಯ ಒಂದು ಪ್ರಯಾಣದ ಕಥೆ ಕೈಗೆ ಸಿಕ್ಕಿತು. ಅಲ್ಲಿಯೂ ಮಳೆಗೆ ಹಿಟ್ಟಿನಂತೆ ಮೆತ್ತಿಕೊಳ್ಳುವ ಜಿಗುಟು ಮಣ್ಣಿದೆ. ಜನ ಅದನ್ನು ಗಂಬೊ ಎನ್ನುತ್ತಾರೆ. ಆ ಗಂಬೊದಲ್ಲಿ ಬಂದೂಕು ಹೊತ್ತ ಇಪ್ಪತ್ತು ಸೈನಿಕರು ಸೈಕಲ್ ನಿಲ್ಲಿಸಿ ಚಕ್ರ ಕೆರೆಯುತ್ತಿದ್ದ ವಿವರ ಓದಿದಾಗ ಅಜ್ಜ ನೆನಪಾಗಿ ನಗು ಬಂತು. ಮುಂದೆ ಓದಿದಂತೆ ನಗು ಉಳಿಯಲಿಲ್ಲ.

ಈಗ ಬೆಂಗಳೂರಿನ ದೊಡ್ಡ ಸೈಕಲ್ ಅಂಗಡಿಗಳಲ್ಲಿ 'ಗ್ರಾವೆಲ್ ಬೈಕ್' ಎಂಬುದು ಸಿಗುತ್ತದೆ. ಹ್ಯಾಂಡಲ್ ರೇಸ್ ಸೈಕಲ್ಲಿನಂತೆ ಬಾಗಿರುತ್ತದೆ, ಟೈರು ಅದಕ್ಕಿಂತ ಅಗಲ. ಬೆಟ್ಟದ ಬುಡ, ನದಿ ಕಣಿವೆ, ಬಯಲು, ಎಲ್ಲಿ ಡಾಂಬರು ಇಲ್ಲವೋ ಅಲ್ಲಿ ಓಡಿಸಲಿಕ್ಕೆಂದೇ ಮಾಡಿದ್ದು. ಇದನ್ನು ಹೊಸ ಕ್ರೀಡೆ ಎಂದು ಮಾರುತ್ತಾರೆ. ಆದರೆ 1890ರ ದಶಕದಲ್ಲಿ ಸೈಕಲ್ ಹತ್ತಿದವರಿಗೆಲ್ಲ ಊರು ದಾಟಿದ ಕೂಡಲೇ ಇದ್ದದ್ದು ಇದೊಂದೇ ದಾರಿ. ಅಮೆರಿಕದಲ್ಲಿ ಒಳ್ಳೆಯ ರಸ್ತೆ ಬೇಕೆಂದು ಮೊದಲು ಗಲಾಟೆ ಎಬ್ಬಿಸಿದವರಲ್ಲಿ ಸೈಕಲ್ ಸವಾರರೇ ಮುಂದಿದ್ದರು. 'ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್' ಎಂಬ ಅವರ ಸಂಘ 1892ರಲ್ಲಿ 'ಗುಡ್ ರೋಡ್ಸ್' ಎಂಬ ಪತ್ರಿಕೆಯನ್ನೇ ಹೊರಡಿಸಿತು. ಅದೇ ಸಂಘ ಎರಡು ವರ್ಷದ ನಂತರ, 1894ರಲ್ಲಿ, ಬಿಳಿಯರಲ್ಲದವರಿಗೆ ಸದಸ್ಯತ್ವವಿಲ್ಲ ಎಂದು ತನ್ನ ನಿಯಮ ತಿದ್ದಿಕೊಂಡಿತು. ರಸ್ತೆ ಎಲ್ಲರಿಗೂ ಬೇಕು, ಸಂಘ ಮಾತ್ರ ನಮ್ಮವರಿಗೆ! ಆ ನಿಯಮವನ್ನು ವಿಧಿವತ್ತಾಗಿ ತೆಗೆದುಹಾಕಿದ್ದು 1999ರಲ್ಲಿ.

ಇಂಥ ಹೊತ್ತಿನಲ್ಲಿ ಆ ದೇಶದ ಅತಿ ದೊಡ್ಡ ಸೈಕಲ್ ಯಾತ್ರೆಗಳಲ್ಲೊಂದನ್ನು ಮಾಡಿದವರು ಇಪ್ಪತ್ತು ಜನ ಕಪ್ಪು ಸೈನಿಕರು.

ಅಂತರ್ಯುದ್ಧದ ನಂತರ ಅಮೆರಿಕದ ಸೇನೆಯಲ್ಲಿ ಕಪ್ಪು ಜನರಿಗೆಂದೇ ಬೇರೆ ರೆಜಿಮೆಂಟುಗಳಿದ್ದವು. ಎರಡು ಅಶ್ವದಳ, ಎರಡು ಕಾಲ್ದಳ. ಅಧಿಕಾರಿಗಳು ಬಹುತೇಕ ಬಿಳಿಯರೇ. ಬಾಬ್ ಮಾರ್ಲೆಯ ಹಾಡಿನಿಂದ ನಮಗೆ ಪರಿಚಿತವಾದ 'ಬಫೆಲೊ ಸೋಲ್ಜರ್' ಎಂಬ ಹೆಸರು ಇವರದೇ. ಅವುಗಳಲ್ಲಿ 25ನೇ ಕಾಲ್ದಳದ ಕೆಲವು ಕಂಪನಿಗಳು ಮೊಂಟಾನಾದ ಫೋರ್ಟ್ ಮಿಸೌಲದಲ್ಲಿದ್ದವು. ಅಲ್ಲಿಗೆ ಬಂದವನು ಜೇಮ್ಸ್ ಮಾಸ್ ಎಂಬ ತರುಣ ಲೆಫ್ಟಿನೆಂಟ್. 1894ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಿಂದ ತರಗತಿಗೆ ಕೊನೆಯವನಾಗಿ ಪಾಸಾದವನು. ಅವನಿಗೊಂದು ಹುಚ್ಚಿತ್ತು: ಸೈನಿಕರಿಗೆ ಕುದುರೆಯ ಬದಲು ಸೈಕಲ್ ಕೊಡಬೇಕು. ಸೈಕಲ್ಲಿಗೆ ಮೇವು ಬೇಡ, ನೀರು ಬೇಡ, ಅದು ಕೆನೆಯುವುದಿಲ್ಲ. ಸೇನೆಯ ಮುಖ್ಯಸ್ಥ ಜನರಲ್ ನೆಲ್ಸನ್ ಮೈಲ್ಸ್‌ಗೂ ಈ ವಿಚಾರ ಹಿಡಿಸಿತ್ತು. 1896ರಲ್ಲಿ ಮಾಸ್ ಎಂಟು ಸೈನಿಕರನ್ನು ಕರೆದುಕೊಂಡು ಮೊದಲು ಮೆಕ್‌ಡೊನಾಲ್ಡ್ ಸರೋವರಕ್ಕೆ, ಆಮೇಲೆ ಯೆಲ್ಲೊಸ್ಟೋನ್ ಉದ್ಯಾನಕ್ಕೆ ಹೋಗಿಬಂದ. ಯೆಲ್ಲೊಸ್ಟೋನ್‌ನ ಬಿಳಿ ಸುಣ್ಣಕಲ್ಲಿನ ಮೆಟ್ಟಿಲುಗಳ ಮೇಲೆ ಸೈಕಲ್ ಹಿಡಿದು ನಿಂತ ಆ ಸೈನಿಕರ ಫೋಟೊ ಈಗಲೂ ಅಲ್ಲಲ್ಲಿ ಅಚ್ಚಾಗುತ್ತಿರುತ್ತದೆ.

ಆ ಪ್ರಯಾಣದ ಒಂದು ಪ್ರಸಂಗವನ್ನು ಮಾಸ್ ತಮಾಷೆಯಾಗಿ ಬರೆದಿಟ್ಟಿದ್ದಾನೆ. ಯಾರೋ ಪ್ರವಾಸಿಗರು ಒಬ್ಬ ಸೈನಿಕನನ್ನು ಎಲ್ಲಿಗೆ ಹೊರಟಿರೆಂದು ಕೇಳಿದರಂತೆ. ಅದು ದೇವರಿಗೇ ಗೊತ್ತು, ನಾವು ಲೆಫ್ಟಿನೆಂಟರ ಹಿಂದೆ ಹೊರಟಿದ್ದೇವೆ ಎಂದನಂತೆ ಅವನು. ಮಾಸ್‌ಗೆ ಇದು ಮುಗ್ಧ ವಿಧೇಯತೆಯಾಗಿ ಕಂಡಿರಬೇಕು. ನನಗೆ ಹಾಗೆ ಕಾಣುವುದಿಲ್ಲ. ನಮ್ಮೂರ ಕಡೆ ಸಾಹೇಬರ ಜೀಪಿನ ಹಿಂದೆ ಓಡಾಡುವ ಜವಾನನನ್ನು "ಯಾವ ಕಡಿಗೆ?" ಎಂದು ಕೇಳಿದರೆ ಇದೇ ಉತ್ತರ ಬರುತ್ತದೆ, ಇದೇ ಮುಖ ಮಾಡಿಕೊಂಡು.

1897ರ ಜೂನ್ 14ರ ಬೆಳಿಗ್ಗೆ ಐದೂವರೆಗೆ ದೊಡ್ಡ ಯಾತ್ರೆ ಹೊರಟಿತು. ಇಪ್ಪತ್ತು ಸೈನಿಕರು, ಮಾಸ್, ಸೇನೆಯ ಡಾಕ್ಟರ್ ಕೆನೆಡಿ, ಮತ್ತು ಮಿಸೌಲದ ಪತ್ರಿಕೆಯ ಪರವಾಗಿ ಎಡ್ವರ್ಡ್ ಬೂಸ್ ಎಂಬ ಹತ್ತೊಂಬತ್ತರ ಹುಡುಗ. ಗುರಿ ಮಿಸಿಸಿಪ್ಪಿ ದಂಡೆಯ ಸೇಂಟ್ ಲೂಯಿಸ್, ಸುಮಾರು 1,900 ಮೈಲಿ, ಅಂದರೆ ಮೂರು ಸಾವಿರ ಕಿಲೊಮೀಟರಿಗೂ ಮಿಕ್ಕಿ. ಸೈಕಲ್ಲುಗಳನ್ನು ಸ್ಪಾಲ್ಡಿಂಗ್ ಕಂಪನಿ ಒದಗಿಸಿತ್ತು. ಹಿಂದಿನ ವರ್ಷ ಮರದ ರಿಮ್ಮುಗಳು ಕೈಕೊಟ್ಟಿದ್ದರಿಂದ ಈ ಸಲ ಉಕ್ಕಿನ ರಿಮ್ಮು, ಚೈನಿಗೆ ಮಣ್ಣು ಹೋಗದಂತೆ ಮುಚ್ಚಿದ ಕವಚ. ಸಾಮಾನು ಹೇರಿದ ಮೇಲೆ ಒಂದೊಂದರ ತೂಕ ಸರಾಸರಿ 59 ಪೌಂಡು, ನಮ್ಮ ಲೆಕ್ಕದಲ್ಲಿ 27 ಕಿಲೊ. ಹ್ಯಾಂಡಲ್ಲಿಗೆ ಕಂಬಳಿ ಮತ್ತು ಅರ್ಧ ಗುಡಾರ. ಇನ್ನರ್ಧ ಜೊತೆಗಾರನ ಹತ್ತಿರ. ಇಬ್ಬರೂ ರಾತ್ರಿ ಒಂದೇ ಕಡೆ ತಲುಪಿದರೆ ಮಾತ್ರ ತಲೆಯ ಮೇಲೊಂದು ಸೂರು. ಬೆನ್ನಿಗೆ ಹತ್ತು ಪೌಂಡಿನ ರೈಫಲ್ಲು, ಐವತ್ತು ಗುಂಡು.

ದಾರಿ ಮೊದಲು ಕ್ಲಾರ್ಕ್ ಫೋರ್ಕ್ ನದಿಯ ಕಣಿವೆ ಹಿಡಿದು ರಾಕಿ ಪರ್ವತಗಳಿಗೆ ಏರುತ್ತದೆ. ಮಲನ್ ಕಣಿವೆದಾರಿಯ ಹತ್ತಿರ ಭೂಖಂಡದ ನೀರು ಎರಡಾಗಿ ಹರಿಯುವ ದಿಣ್ಣೆ. ಆಚೆ ಬಿದ್ದ ಮಳೆ ಪೆಸಿಫಿಕ್‌ಗೆ, ಈಚೆ ಬಿದ್ದದ್ದು ಅಟ್ಲಾಂಟಿಕ್‌ಗೆ. ಜೂನ್ ತಿಂಗಳಾದರೂ ಅಲ್ಲಿ ಅವರಿಗೆ ಹಿಮ ಬಿತ್ತು. ಇಳಿದರೆ ಹೆಲೆನಾ, ಬೋಜ್‌ಮನ್, ಲಿವಿಂಗ್‌ಸ್ಟನ್, ಅಲ್ಲಿಂದ ಮುಂದೆ ಯೆಲ್ಲೊಸ್ಟೋನ್ ನದಿಯ ಪಕ್ಕ. ದಾರಿ ಎಂದರೆ ಬಂಡಿ ಹೋದ ಜಾಡು. ಮಳೆಯಾದರೆ ಗಂಬೊ. ಗಂಬೊ ಹೆಚ್ಚಾದರೆ ರೈಲು ಹಳಿ ಹತ್ತುವುದು, ಮರದ ಸ್ಲೀಪರುಗಳ ಮೇಲೆ ಕುಲುಕಿಸಿಕೊಂಡು ತುಳಿಯುವುದು. ಹೀಗೆ ನೂರಾರು ಮೈಲಿ. ಗ್ರಾವೆಲ್ ಸವಾರರು ಈಗ ಟೈರಿನ ಗಾಳಿ ಎಷ್ಟು ಕಡಿಮೆ ಮಾಡಿದರೆ ಕುಲುಕಾಟ ತಗ್ಗುತ್ತದೆ ಎಂದು ಚರ್ಚಿಸುವುದನ್ನು ಕೇಳಿದಾಗಲೆಲ್ಲ ನನಗೆ ಆ ಸ್ಲೀಪರುಗಳು ಕಣ್ಣಿಗೆ ಬರುತ್ತವೆ.

ಜೂನ್ ಕೊನೆಯ ಹೊತ್ತಿಗೆ ಅವರು ಲಿಟಲ್ ಬಿಗ್‌ಹಾರ್ನ್ ಸೀಮೆಯಲ್ಲಿದ್ದರು. 1876ರಲ್ಲಿ ಲಕೋಟಾ ಮತ್ತು ಶಯೆನ್ ಜನ ಕಸ್ಟರನ ತುಕಡಿಯನ್ನು ಸೋಲಿಸಿದ ಜಾಗ. ಆ ಜನರ ನೆಲ ಕಿತ್ತುಕೊಂಡ ಸೇನೆಯ ಸಮವಸ್ತ್ರವನ್ನೇ ಈ ಇಪ್ಪತ್ತು ಜನರೂ ತೊಟ್ಟಿದ್ದರು. ಇದನ್ನು ಮುಚ್ಚಿಟ್ಟು ಅವರನ್ನು ಬರೀ ವೀರರನ್ನಾಗಿಸುವುದು ಸರಿಯಲ್ಲ.

ವಯೋಮಿಂಗ್ ದಾಟಿ ನೆಬ್ರಾಸ್ಕಕ್ಕೆ ಬಂದ ಮೇಲೆ ಮರಳು ದಿಣ್ಣೆಗಳು. ಅಲ್ಲಿ ಸುಮಾರು 170 ಮೈಲಿ ಕ್ರಮಿಸಲು ನಾಲ್ಕೂವರೆ ದಿನ ಹಿಡಿಯಿತು. ಪಾದ ಹುಗಿಯುವ ಮರಳಿನಲ್ಲಿ ಸೈಕಲ್ ತಳ್ಳುವುದು, ಇಲ್ಲವೇ ಮತ್ತದೇ ರೈಲು ಹಳಿ. ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಸಿಕ್ಕ ನೀರು ಸವಳು. ಕುಡಿದವರಿಗೆ ಹೊಟ್ಟೆ ಕೆಟ್ಟಿತು. ಮಾಸ್‌ಗೂ ಕೆಟ್ಟಿತು. ಅವನು ಅಲಯನ್ಸ್ ಎಂಬ ಊರಲ್ಲಿ ಉಳಿದುಕೊಂಡು ಆಮೇಲೆ ರೈಲು ಹತ್ತಿ ಮುಂದೆ ಕೂಡಿಕೊಂಡ. ಮರಳಿನಲ್ಲಿ ಮುಂದುವರಿದ ಸೈನಿಕರನ್ನು ನಡೆಸಿದವನು ಡಾಕ್ಟರ್ ಕೆನೆಡಿ. ಲೆಫ್ಟಿನೆಂಟರ ಹಿಂದೆ ಹೊರಟವರು ದಾರಿಯ ಅತಿ ಕೆಟ್ಟ ಭಾಗವನ್ನು ದಾಟುವಾಗ ಮುಂದೆ ಲೆಫ್ಟಿನೆಂಟರೇ ಇರಲಿಲ್ಲ.

ಬಯಲಿಗಿಳಿದ ಮೇಲೆ ದಾರಿ ಸುಧಾರಿಸಿತು, ಜನ ಕೆಟ್ಟರು ಎನ್ನಬಹುದು. ಮಿಸೌರಿಯಲ್ಲಿ ಗುಲಾಮಗಿರಿಯ ಕಾಲದ ನೆನಪು ಇನ್ನೂ ಹಸಿಯಾಗಿತ್ತು. ತಮ್ಮ ಜಮೀನಿನಲ್ಲಿ ತಂಗಲು ಜಾಗ ಕೊಡದೆ ಕಳಿಸಿದ ರೈತರಿದ್ದರು. ಜುಲೈ 24ರಂದು ಸೇಂಟ್ ಲೂಯಿಸ್ ತಲುಪಿದಾಗ ಮಾತ್ರ ಊರಿನ ಸೈಕಲ್ ಸವಾರರು ಎದುರುಗೊಂಡು ಕರೆದೊಯ್ದರು. ಫಾರೆಸ್ಟ್ ಪಾರ್ಕಿನಲ್ಲಿ ಅವರನ್ನು ನೋಡಲು ಸಾವಿರಾರು ಜನ ಸೇರಿದರು. ಒಟ್ಟು 41 ದಿನ. ಅದರಲ್ಲಿ ಚಲಿಸಿದ್ದು 34 ದಿನ. ದಿನಕ್ಕೆ ಸರಾಸರಿ 56 ಮೈಲಿ. ಮರಳುವಾಗ ರೈಲು.

ಈ ಅಂಕಿಗಳನ್ನೆಲ್ಲ ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ನನ್ನ ಗೈಡ್ ಮೇಡಂ ಹತ್ತಿರ ಹೋದೆ. ಅವರು ಓದಿ, ಕನ್ನಡಕ ತೆಗೆದು, "ಸೈಕಲ್ಲಿನ ತೂಕ ಬರದೀ, ಗುಂಡಿನ ಲೆಕ್ಕಾ ಬರದೀ. ಅವರು ಏನಂದ್ರು ಅನ್ನೋದು ಎಲ್ಲೈತವಾ?" ಎಂದರು. ಇರಲಿಲ್ಲ. ಮಾಸ್ ಬರೆದದ್ದಿದೆ, ಬೂಸ್ ಪತ್ರಿಕೆಗೆ ಕಳಿಸಿದ್ದಿದೆ. ನಾನು ಓದಿದ್ದರಲ್ಲಿ ಸೈನಿಕರ ಮಾತು ಬಂದರೆ ಅದು ಈ ಇಬ್ಬರ ಬಾಯಿಂದಲೇ. ನನ್ನ ರಸ್ತೆಗಳ ಕಡತಗಳಲ್ಲೂ ಇದೇ ಕಥೆ. ಒಂದು ಮೈಲಿಗೆ ಎಷ್ಟು ಕಡಿ ಬಿತ್ತು ಎಂದು ಹೇಳುವ ವರದಿ, ಕಡಿ ಒಡೆದವರ ಹೆಸರಿಗೆ ಬಂದಾಗ 'ಕೂಲಿಗಳು' ಎಂದು ಮುಗಿಸುತ್ತದೆ.

ಆದರೆ ಹೆಸರುಗಳಿವೆ. ಜಾನ್ ಫಿಂಡ್ಲಿ ಎಂಬ ಸೈನಿಕ ಮೊದಲೇ ಸೈಕಲ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ದಾರಿಯುದ್ದಕ್ಕೂ ಪಂಕ್ಚರ್, ಮುರಿದ ಪೆಡಲ್ಲು, ಸೊಟ್ಟಗಾದ ಆಕ್ಸಲ್ಲು ಎಲ್ಲ ಬಂದು ನಿಲ್ಲುತ್ತಿದ್ದದ್ದು ಅವನ ಮುಂದೆ. ಇನ್ನೊಬ್ಬ ಸಾರ್ಜೆಂಟ್ ಮಿಂಗೊ ಸ್ಯಾಂಡರ್ಸ್. ದಕ್ಷಿಣ ಕೆರೊಲಿನಾದವನು, 1881ರಲ್ಲಿ ಸೇನೆಗೆ ಸೇರಿದವನು. ಯಾತ್ರೆಯ ಹೊತ್ತಿಗೆ ವಯಸ್ಸು 39, ಸೈನಿಕರಲ್ಲೆಲ್ಲ ಹಿರಿಯ. ಒಂದು ಸ್ಫೋಟದಲ್ಲಿ ಒಂದು ಕಣ್ಣಿನ ದೃಷ್ಟಿ ಮಂಜಾಗಿತ್ತು. ಆ ಕಣ್ಣಿಟ್ಟುಕೊಂಡೇ ರಾಕಿ ಇಳಿದ, ಮರಳು ದಾಟಿದ.

ಮಾರನೆಯ ವರ್ಷ ಸ್ಪೇನ್ ಜೊತೆ ಯುದ್ಧ ಬಂತು. ಸೈಕಲ್ ಪಡೆಯ ಕಥೆ ಅಲ್ಲಿಗೆ ಮುಗಿಯಿತು. 25ನೇ ಕಾಲ್ದಳ ಕ್ಯೂಬಾಕ್ಕೆ ಹೋಗಿ ಎಲ್ ಕೇನಿಯಲ್ಲಿ ಕಾದಿತು. ಅಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ತನ್ನ ಪಡೆಯ ಹಸಿದ ಜನರಿಗಾಗಿ ಕೇಳಿದಾಗ ಸ್ಯಾಂಡರ್ಸ್ ತನ್ನವರ ಪಾಲಿನ ಗಟ್ಟಿ ಬಿಸ್ಕತ್ತು ಹಂಚಿಕೊಂಡನೆಂಬ ಮಾತಿದೆ.

1906ರ ಆಗಸ್ಟಿನಲ್ಲಿ ಆ ರೆಜಿಮೆಂಟಿನ ಒಂದು ಭಾಗ ಟೆಕ್ಸಸ್‌ನ ಬ್ರೌನ್ಸ್‌ವಿಲ್ ಪಟ್ಟಣದಲ್ಲಿತ್ತು. ಒಂದು ರಾತ್ರಿ ಊರಲ್ಲಿ ಗುಂಡು ಹಾರಿತು. ಮದ್ಯದಂಗಡಿಯ ಕೆಲಸಗಾರನೊಬ್ಬ ಸತ್ತ. ಊರಿನವರು ಕಪ್ಪು ಸೈನಿಕರತ್ತ ಬೆರಳು ತೋರಿಸಿದರು. ಆ ಹೊತ್ತು ಸೈನಿಕರೆಲ್ಲ ಬ್ಯಾರಕ್ಕಿನಲ್ಲೇ ಇದ್ದರೆಂದು ಅವರ ಬಿಳಿ ಅಧಿಕಾರಿಗಳೇ ಮೊದಲಿಗೆ ಹೇಳಿದ್ದರು. ಯಾರು ಮಾಡಿದ್ದೆಂದು ಹೇಳಿ ಎಂದು ಒತ್ತಾಯಿಸಿದಾಗ ಒಬ್ಬರೂ ಇನ್ನೊಬ್ಬರ ಹೆಸರು ಹೇಳಲಿಲ್ಲ. ಹೇಳದಿರುವುದೇ ಪಿತೂರಿ ಎಂದು ತೀರ್ಮಾನವಾಯಿತು. ಆಗ ಅಧ್ಯಕ್ಷನಾಗಿದ್ದವನು ಇದೇ ರೂಸ್‌ವೆಲ್ಟ್. ವಿಚಾರಣೆಯಿಲ್ಲದೆ 167 ಜನರನ್ನು, ಗೌರವವಿಲ್ಲದ ಬಿಡುಗಡೆ ಎಂಬ ಷರಾ ಬರೆದು, ಸೇನೆಯಿಂದ ಹೊರಹಾಕಿದ. ಅವರಲ್ಲಿ ಮಿಂಗೊ ಸ್ಯಾಂಡರ್ಸ್ ಒಬ್ಬ. ಇಪ್ಪತ್ತೈದು ವರ್ಷ ಮೀರಿದ ಚಾಕರಿ. ಪಿಂಚಣಿ ಕೈಗೆ ಬರುವುದರಲ್ಲಿತ್ತು, ಬರಲಿಲ್ಲ.

ಮೇರಿ ಚರ್ಚ್ ಟೆರೆಲ್ 1907ರಲ್ಲಿ ಅವನ ಬಗ್ಗೆಯೇ ಒಂದು ಲೇಖನ ಬರೆದರು. ಸೆನೆಟರ್ ಜೋಸೆಫ್ ಫೊರೇಕರ್ ಸೈನಿಕರ ಪರವಾಗಿ ವಾದಿಸಿ ತನ್ನ ರಾಜಕೀಯ ಬದುಕನ್ನೇ ಕಳೆದುಕೊಂಡ. ಮುಂದೆ ಹದಿನಾಲ್ಕು ಜನರಿಗೆ ಮಾತ್ರ ಸೇನೆಗೆ ಮರಳುವ ಅವಕಾಶ ಸಿಕ್ಕಿತು. ಆ ಹದಿನಾಲ್ಕರಲ್ಲಿ ಸ್ಯಾಂಡರ್ಸ್ ಇರಲಿಲ್ಲ. ಇತ್ತ ಮಾಸ್ ಸೈನ್ಯದಲ್ಲಿ ಮೇಲೇರುತ್ತ, ಅಧಿಕಾರಿಗಳಿಗೆ ಕೈಪಿಡಿ ಬರೆಯುತ್ತ ಹೆಸರಾದ. ಒಂದೇ ದಾರಿ ತುಳಿದ ಇಬ್ಬರು.

1972ರಲ್ಲಿ ಸೇನೆ ಆ 167 ಜನರ ಬಿಡುಗಡೆಯನ್ನು ಗೌರವದ ಬಿಡುಗಡೆ ಎಂದು ತಿದ್ದಿತು. ಆ ಹೊತ್ತಿಗೆ ಬದುಕುಳಿದಿದ್ದವರಲ್ಲಿ ಒಬ್ಬ ಡಾರ್ಸಿ ವಿಲ್ಲಿಸ್ ಎಂಬ ಮುದುಕ. ಮಿನಿಯಾಪೊಲಿಸ್‌ನಲ್ಲಿ ಬೂಟು ಪಾಲಿಶ್ ಮಾಡಿ ಜೀವನ ಸಾಗಿಸಿದ್ದವನು. ಅವನಿಗೆ ಸರ್ಕಾರ 25,000 ಡಾಲರ್ ಕೊಟ್ಟಿತು. ಸ್ಯಾಂಡರ್ಸ್ ತೀರಿಕೊಂಡು ದಶಕಗಳೇ ಆಗಿದ್ದವು.

ಅದಾದ ಎರಡು ವರ್ಷಕ್ಕೆ, 1974ರಲ್ಲಿ, ಮೊಂಟಾನಾ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ಕೆಲವರು ಮಿಸೌಲದಿಂದ ಸೈಕಲ್ ಹತ್ತಿ ಅದೇ ದಾರಿ ಹಿಡಿದು ಸೇಂಟ್ ಲೂಯಿಸ್‌ಗೆ ಹೊರಟರು. ನನ್ನ ವಯಸ್ಸಿನ ಹುಡುಗರೇ. ಅಷ್ಟು ಹೊತ್ತಿಗೆ ದಾರಿಗೆ ಡಾಂಬರು ಬಿದ್ದಿತ್ತು, ಮುಂದೆ ಯಾವ ಲೆಫ್ಟಿನೆಂಟರೂ ಇರಲಿಲ್ಲ.