ಅಕ್ಕಿ ಮೊದಲು ಬಂತು, ಆಮೇಲೆ ನಾವು

ನಾವು ಮಸ್ಕತ್ತಿಗೆ ಬಂದಿಳಿದದ್ದು 2011ರ ಜೂನ್ ತಿಂಗಳಿನಲ್ಲಿ. ಊರಿನಲ್ಲಿ ಆಗಷ್ಟೇ ಮಳೆಗಾಲ ಹಿಡಿದಿತ್ತು. ಎಂ.ಬಿ.ಬಿ.ಎಸ್. ಮುಗಿಸಿ, ರೆಸಿಡೆನ್ಸಿಯ ನಿದ್ದೆಗೆಟ್ಟ ವರ್ಷಗಳನ್ನು ಕಳೆದು, "ಎರಡೇ ವರ್ಷ, ಸಾಲ ತೀರಿಸಿ ವಾಪಸು" ಎಂದು ಹಿರಿಯರಿಗೆ ಮಾತು ಕೊಟ್ಟು ಹೊರಟವರು ನಾವು. ಸಂಘದ ಸದಸ್ಯರಲ್ಲಿ ಈ ಮಾತನ್ನು ಕೊಡದೆ ಬಂದವರು ಯಾರಾದರೂ ಇದ್ದರೆ ಅವರಿಗೆ ನಮಸ್ಕಾರ! ವಿಮಾನದ ಬಾಗಿಲು ತೆರೆದಾಗ ಮುಖಕ್ಕೆ ಬಡಿದ ಗಾಳಿ, ಅನ್ನದ ಹಂಡೆಯ ಮುಚ್ಚಳ ತೆಗೆದಾಗ ಬರುವ ಹಬೆಯಂತಿತ್ತು. ರಾತ್ರಿ ಹನ್ನೊಂದು ಗಂಟೆಗೆ! ಮಸ್ಕತ್ತಿನ ಆಚೆಗಿರುವ ಕುರಿಯಾತಿನಲ್ಲಿ 2018ರ ಜೂನ್ 26ರಂದು ಇಡೀ ದಿನದಲ್ಲಿ ಉಷ್ಣತೆ 42.6 ಡಿಗ್ರಿಗಿಂತ ಕೆಳಕ್ಕಿಳಿಯಲೇ ಇಲ್ಲ. ಅದು ಜಗತ್ತಿನಲ್ಲೇ ದಾಖಲೆ.

ಮರುದಿನ ಅಮ್ಮನ ಫೋನು. ಸಂಬಳ ಕೇಳಲಿಲ್ಲ, ಮನೆ ಕೇಳಲಿಲ್ಲ. "ಅಲ್ಲಿ ಕುಚ್ಚಲಕ್ಕಿ ಸಿಕ್ತದಾ ಮಗಾ?" ಎಂದರು. ನಾವು ನಕ್ಕೆವು. ಆದರೆ ಆ ಪ್ರಶ್ನೆಯ ಹಿಂದೆ ಕೆಲವು ಶತಮಾನಗಳ ಇತಿಹಾಸವಿದೆ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಸಂಘದ ಸ್ಥಾಪನಾ ದಿನದ ಈ ಸಂಚಿಕೆಯಲ್ಲಿ ಅದನ್ನೇ ಹಂಚಿಕೊಳ್ಳುವ ಆಸೆ.

ಬಸ್ರೂರಿನಿಂದ ಮಸ್ಕತ್ತಿಗೆ

ನಮ್ಮದು ಕುಂದಾಪುರದ ಸೀಮೆ. ಬಸ್ರೂರು ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ. ಈಗ ನಿದ್ದೆಯಲ್ಲಿರುವಂತೆ ಕಾಣುವ ಆ ಊರು ಒಂದು ಕಾಲದಲ್ಲಿ ಪಶ್ಚಿಮ ಕರಾವಳಿಯ ದೊಡ್ಡ ಅಕ್ಕಿ ಬಂದರು. ಘಟ್ಟದ ಕೆಳಗಿನ ಗದ್ದೆಗಳಲ್ಲಿ ಬೆಳೆದ ಭತ್ತ ಅಕ್ಕಿಯಾಗಿ ದೋಣಿಗಳಲ್ಲಿ ಅಲ್ಲಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಗೋವಾ, ಹೋರ್ಮುಜ್, ಮಸ್ಕತ್ತುಗಳ ಕಡೆಗೆ ಹೋಗುತ್ತಿತ್ತು. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಕಾಣುವ ಮಸ್ಕತ್ತಿಗೆ, ಅದರ ಮೂವತ್ತು ಪಟ್ಟಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿ ಉಣ್ಣಿಸುತ್ತಿತ್ತು ಎಂದರೆ ಅತಿಶಯೋಕ್ತಿಯಲ್ಲ. ಮಳೆಯನ್ನು ಹಡಗಿನಲ್ಲಿ ತುಂಬಿಸಿ ಕಳಿಸಲಾಗದು. ಅಕ್ಕಿಯ ರೂಪದಲ್ಲಿ ಕಳಿಸಬಹುದು.

ಈ ಅಕ್ಕಿಯ ಹಾದಿಯನ್ನು ಹಿಡಿದವರು ಪೋರ್ಚುಗೀಸರು. 1507ರಲ್ಲಿ ಅಲ್ಬುಕರ್ಕ್ ಮಸ್ಕತ್ತನ್ನು ಸುಟ್ಟು ಸೂರೆಮಾಡಿದ. 1568-69ರಲ್ಲಿ ಮಂಗಳೂರು, ಬಸ್ರೂರು, ಹೊನ್ನಾವರಗಳಲ್ಲಿ ಅವರ ಕೋಟೆಗಳೆದ್ದವು. ಇಂದು ಮಸ್ಕತ್ ಬಂದರಿನ ಎರಡೂ ಬದಿಗೆ ಬಂಡೆಯ ಮೇಲೆ ನಿಂತಿರುವ ಜಲಾಲಿ, ಮಿರಾನಿ ಕೋಟೆಗಳು 1580ರ ದಶಕದಲ್ಲಿ ಅವರೇ ಕಟ್ಟಿಸಿದವು. ಬೆಳೆಯುವ ತುದಿ ನಮ್ಮದು, ಉಣ್ಣುವ ತುದಿ ಇಲ್ಲಿಯದು. ಎರಡಕ್ಕೂ ಕಾವಲು ಒಬ್ಬನದೇ.

ಆ ಕಾವಲು ಕಳಚಿದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. 1650ರಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಮಸ್ಕತ್ತಿನಿಂದ ಪೋರ್ಚುಗೀಸರನ್ನು ಓಡಿಸಿದರೆ, 1652-54ರಲ್ಲಿ ಕೆಳದಿಯ ಶಿವಪ್ಪನಾಯಕ ಅವರಿಂದ ಕರಾವಳಿಯ ಕೋಟೆಗಳನ್ನು ಕಿತ್ತುಕೊಂಡ. ಶಾಲೆಯಲ್ಲಿ ಶಿವಪ್ಪನಾಯಕನ ಸಿಸ್ತು ಉರುಹೊಡೆದ ನಮಗೆ ಈ ಎರಡನೆಯ ಹೆಸರನ್ನು ಯಾರೂ ಜೊತೆಗಿಟ್ಟು ಹೇಳಿರಲಿಲ್ಲ.

ಮಸ್ಕತ್ ಕೋಟೆ ಬಿದ್ದ ಬಗೆಗೆ ಒಮಾನಿನ ಇತಿಹಾಸಕಾರ ಇಬ್ನ್ ರುಝೈಕ್ ಒಂದು ಕಥೆ ಹೇಳುತ್ತಾನೆ. ಪೋರ್ಚುಗೀಸ್ ಅಧಿಕಾರಿ ಇಲ್ಲಿದ್ದ ನರೋತ್ತಮನೆಂಬ ಹಿಂದೂ ವರ್ತಕನ ಮಗಳನ್ನು ಬಲವಂತದಿಂದ ಮದುವೆಯಾಗಬಯಸಿದನಂತೆ. ವರ್ತಕ ಒಪ್ಪಿದಂತೆ ನಟಿಸಿ ಕಾಲಾವಕಾಶ ಕೇಳಿದ. ಕೋಟೆಯ ಧಾನ್ಯ ಹಳತಾಗಿದೆ, ತೊಟ್ಟಿಯ ನೀರು ಕೆಟ್ಟಿದೆ, ಮದ್ದುಗುಂಡು ಮುಗ್ಗಿದೆ, ಎಲ್ಲ ಬದಲಿಸೋಣ ಎಂದು ಉಗ್ರಾಣ ಖಾಲಿ ಮಾಡಿಸಿ, ಇಮಾಮನಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸಿದ. ಇದರಲ್ಲಿ ಕಥೆಯೆಷ್ಟು, ಚರಿತ್ರೆಯೆಷ್ಟು ಎಂಬುದು ಹಾಗಿರಲಿ. ಈ ಊರಿನಲ್ಲಿ ಧಾನ್ಯ ಮತ್ತು ನೀರು ಕೈಯಲ್ಲಿದ್ದವನೇ ದೊರೆ ಎಂಬ ಅರಿವು ಅದರಲ್ಲಿದೆ.

ನೆಂಟಸ್ತಿಕೆ ಯಾವಾಗಲೂ ಸಿಹಿಯಾಗಿತ್ತೆಂದು ಹೇಳುವಂತಿಲ್ಲ. ಕೆಳದಿಯವರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಿಂದ ಅರಬರ ವ್ಯಾಪಾರಕ್ಕೆ ತಡೆಯುಂಟಾಯಿತು. ಆ ಸಿಟ್ಟಿಗೆ 1695ರಲ್ಲಿ, ರಾಣಿ ಚೆನ್ನಮ್ಮನ ಕಾಲದಲ್ಲಿ, ಮಸ್ಕತ್ತಿನ ಅರಬರು ಮಂಗಳೂರನ್ನೂ ಬಸ್ರೂರನ್ನೂ ಸುಟ್ಟರು. ಉಣ್ಣಿಸಿದ ಊರಿಗೇ ಬೆಂಕಿ!

ಮೈಸೂರಿನ ಕೋಠಿ

ಮುಂದಿನ ಶತಮಾನದಲ್ಲಿ ಮಂಗಳೂರು ಹೈದರ್ ಮತ್ತು ಟಿಪ್ಪುವಿನ ಕೈಗೆ ಬಂದಾಗ ಈ ವ್ಯಾಪಾರ ಸರ್ಕಾರದ ವ್ಯವಹಾರವೇ ಆಯಿತು. ಟಿಪ್ಪು ಮಸ್ಕತ್ತಿನಲ್ಲಿ ಒಂದು ಕೋಠಿಯನ್ನಿಟ್ಟಿದ್ದ. ಮೀರ್ ಕಾಝಿಂ ಎಂಬಾತ ಅದರ ದರೋಗ. ಮಾವೋಜಿ ಸೇಠ್ ಎಂಬ ಭಾಟಿಯಾ ವರ್ತಕ ದಲ್ಲಾಳಿ. ಅಕ್ಕಿ, ಮೆಣಸು, ಏಲಕ್ಕಿ, ಶ್ರೀಗಂಧ ಇಲ್ಲಿಗೆ. ಖರ್ಜೂರ, ಗಂಧಕ, ಮುತ್ತು ಅಲ್ಲಿಗೆ. 1785-86ರ ಸುಮಾರಿಗೆ ಟಿಪ್ಪು ಈ ದರೋಗನಿಗೆ ಬರೆಸಿದ ಪತ್ರಗಳಲ್ಲಿ ರೇಷ್ಮೆ ಹುಳುವಿನ ಮೊಟ್ಟೆ ಕಳಿಸು, ಹುಳು ಸಾಕಬಲ್ಲವರನ್ನು ಕಳಿಸು, ಮುತ್ತಿಗಾಗಿ ಮುಳುಗುವವರನ್ನು ಕಳಿಸು ಎಂಬ ಬೇಡಿಕೆಗಳಿವೆ. 1786ರ ಮಾರ್ಚಿಯಲ್ಲಿ ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಹೊರಟ ಅವನ ಕಾನ್ಸ್ಟಾಂಟಿನೋಪಲ್ ರಾಯಭಾರವೂ ಮೊದಲು ಬಂದು ತಂಗಿದ್ದು ಮಸ್ಕತ್ತಿನಲ್ಲೇ.

ಆ ಕೋಠಿಯ ಲೆಕ್ಕ ಬರೆಯುವವರಲ್ಲಿ, ಮೂಟೆ ಹೊರುವವರಲ್ಲಿ, ಹಡಗಿನ ಖಲಾಸಿಗಳಲ್ಲಿ ಕನ್ನಡ, ತುಳು, ಕೊಂಕಣಿ ಆಡುವವರು ಇದ್ದಿರಬೇಕು ಎಂದು ಊಹಿಸುವುದು ಸಹಜ. ಆದರೆ ಒಬ್ಬರ ಹೆಸರೂ ನಮ್ಮ ಕೈಗೆ ಸಿಗಲಿಲ್ಲ. ದೊರೆಯ ಪತ್ರ ಉಳಿಯಿತು, ಮೂಟೆ ಹೊತ್ತವನ ಪತ್ರ ಉಳಿಯಲಿಲ್ಲ.

1798ರ ಅಕ್ಟೋಬರಿನಲ್ಲಿ ಮಸ್ಕತ್ತಿನ ದೊರೆ ಈಸ್ಟ್ ಇಂಡಿಯಾ ಕಂಪನಿಗೆ ಕೌಲುನಾಮೆ ಬರೆದುಕೊಟ್ಟ. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೂ ಮಸ್ಕತ್ತಿನ ಇಮಾಮನಿಗೂ ಬರೆದ ಪತ್ರಗಳು ದಾರಿಯಲ್ಲೇ ಇಂಗ್ಲಿಷರ ವಶವಾದವು. ಆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಕೋಠಿಯ ಕಾಲ ಮುಗಿಯಿತು. ಅಕ್ಕಿ ಮಾತ್ರ ಬರುತ್ತಲೇ ಇತ್ತು.

ರೂಪಾಯಿಯ ಊರು

ನೆಲೆ ನಿಂತವರು ಕಛ್ ಮತ್ತು ಸಿಂಧ್ ಕಡೆಯ ವರ್ತಕರು. ಹಳೆಯ ಮಸ್ಕತ್ತಿನಲ್ಲಿ ಅರಮನೆಯ ಸನಿಹದಲ್ಲಿರುವ ಮೋತೀಶ್ವರ ದೇವಾಲಯಕ್ಕೆ ನಾವೆಲ್ಲ ಶಿವರಾತ್ರಿಯಂದು ಸಾಲು ನಿಲ್ಲುತ್ತೇವಷ್ಟೆ. ಅದು ಅವರ ಕೊಡುಗೆ. 1870ರಲ್ಲಿ ಇಲ್ಲಿ ಅಂಗಡಿಯಿಟ್ಟ ಖಿಮ್ಜಿ ಮನೆತನ ಮುಂದೆ ಒಮಾನಿ ಪ್ರಜೆಗಳೇ ಆದರು. ಭಾರತದ ರೂಪಾಯಿಯೇ ಇಲ್ಲಿನ ಚಲಾವಣೆ. 1959ರಿಂದ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ರೂಪಾಯಿ ನೋಟು ಮುದ್ರಿಸಿತು, ಅದು 1970ರವರೆಗೆ ಇಲ್ಲಿ ನಡೆಯಿತು. ಇಂದಿಗೂ ರಿಯಾಲಿನ ಸಾವಿರದಲ್ಲೊಂದು ಭಾಗಕ್ಕೆ 'ಬೈಸಾ' ಎನ್ನುತ್ತಾರೆ. ನಮ್ಮ ಪೈಸೆಯೇ ಅದು.

ನಾವು ಬಂದ ಎರಡನೆಯ ವರ್ಷ ಸೂರಿನ ಕಡೆಯ ಒಬ್ಬ ವೃದ್ಧರು ಎದೆನೋವೆಂದು ಬಂದಿದ್ದರು. ಎಂಬತ್ತು ದಾಟಿದ ನಾವಿಕರು. "ಡಾಕ್ಟರ್, ಹಿಂದ್‌ನಲ್ಲಿ ಯಾವ ಊರು?" ಎಂದರು. ಮಂಗಳೂರಿನ ಹತ್ತಿರ ಎಂದೆವು. ಇಸಿಜಿಯ ತಂತಿಗಳನ್ನು ಮೈಗೆ ಅಂಟಿಸಿಕೊಂಡೇ ಎದ್ದು ಕೂತರು! ಹುಡುಗನಾಗಿದ್ದಾಗ ಹಾಯಿ ಹಡಗಿನಲ್ಲಿ ಖರ್ಜೂರ ತುಂಬಿಕೊಂಡು ಹೋಗಿ, ಅಲ್ಲಿಂದ ಮರ, ಹಂಚು, ಅಕ್ಕಿ ತಂದದ್ದನ್ನು ಬೆರಳು ಮಡಿಸಿ ಲೆಕ್ಕ ಹೇಳಿದರು. ಗಾಳಿ ತಿರುಗುವವರೆಗೆ ಬಂದರಿನಲ್ಲಿ ಕಾಯುತ್ತಿದ್ದರಂತೆ. "ಅಲ್ಲಿ ಮಳೆ ನಿಲ್ಲುವುದೇ ಇಲ್ಲ, ಅಲ್ಲವೇ?" ಎಂದು ಕೇಳಿದಾಗ ಪರದೇಶದಲ್ಲಿದ್ದೇವೆಂಬ ನಮ್ಮ ಭಾವನೆ ಒಂದು ಗಳಿಗೆ ಸಡಿಲವಾಯಿತು.

ದೀಪ ಹಿಡಿದು ನಡೆದ ಕಾಲ

ನಾವಿಂದು ನೋಡುವ ಮಸ್ಕತ್ತು 1970ರ ಜುಲೈ 23ರ ನಂತರದ್ದು. ಅಂದು ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ದೇಶದಲ್ಲಿದ್ದ ಡಾಂಬರು ರಸ್ತೆ ಸುಮಾರು ಹತ್ತು ಕಿಲೋಮೀಟರ್, ಶಾಲೆಗಳು ಮೂರು. ಸೂರ್ಯಾಸ್ತದ ಮೂರು ಗಂಟೆಯ ನಂತರ ಕೋಟೆಬಾಗಿಲು ಮುಚ್ಚುತ್ತಿತ್ತು. ಆಮೇಲೆ ಬೀದಿಗಿಳಿಯುವವರು ಕೈಯಲ್ಲಿ ಲಾಟೀನು ಹಿಡಿದಿರಬೇಕಿತ್ತು.

ವೈದ್ಯಕೀಯದ ಮಟ್ಟಿಗೆ ಜನರ ಆಸರೆ ಅಮೆರಿಕನ್ ಮಿಷನ್ ಆಸ್ಪತ್ರೆ. ಅದರ ಡಾ. ಶರಾನ್ ಥಾಮ್ಸ್ 1913ರಲ್ಲಿ ಮತ್ರಾದಲ್ಲಿ ಟೆಲಿಫೋನ್ ತಂತಿ ಎಳೆಯುವಾಗ ಕಂಬದಿಂದ ಬಿದ್ದು ತೀರಿಕೊಂಡರು. ಅವರ ಮಗ ಡಾ. ವೆಲ್ಸ್ ಥಾಮ್ಸ್ 1939ರಲ್ಲಿ ಅದೇ ಊರಿಗೆ ವೈದ್ಯರಾಗಿ ಬಂದು 1970ರವರೆಗೆ ದುಡಿದರು. ಎರಡು ವರ್ಷಕ್ಕೆಂದು ಬಂದ ನಮ್ಮಂಥವರು ಇವರ ಹೆಸರನ್ನು ತಲೆಬಾಗಿ ನೆನೆಯಬೇಕು.

1970ರ ನಂತರ ಬಾಗಿಲು ತೆರೆಯಿತು. 1973ರಲ್ಲಿ ಸೀಬ್ ವಿಮಾನ ನಿಲ್ದಾಣ, 1974ರಲ್ಲಿ ಮತ್ರಾದ ಹೊಸ ಬಂದರು, 1975ರಲ್ಲಿ ಮಸ್ಕತ್ ಇಂಡಿಯನ್ ಸ್ಕೂಲ್, 1986ರಲ್ಲಿ ವಿಶ್ವವಿದ್ಯಾಲಯ, 1987ರಲ್ಲಿ ರಾಯಲ್ ಆಸ್ಪತ್ರೆ. ಈ ಕಟ್ಟೋಣಕ್ಕೆ ಎಂಜಿನಿಯರುಗಳಾಗಿ, ಗುಮಾಸ್ತರಾಗಿ, ನರ್ಸುಗಳಾಗಿ, ಬಡಗಿ, ಅಡಿಗೆಯವರಾಗಿ ಬಂದವರಲ್ಲಿ ನಮ್ಮವರೂ ಸೇರಿದ್ದರು. 1982ರವರೆಗೆ ಮುಂಬಯಿಯಿಂದ ಕೊಲ್ಲಿಗೆ 'ದ್ವಾರಕಾ' ಹಡಗು ಓಡುತ್ತಿತ್ತು. ಅದರ ಡೆಕ್ಕಿನಲ್ಲಿ ಚಾಪೆ ಹಾಸಿ ಬಂದೆವೆಂದು ಹೇಳುವ ಹಿರಿಯರನ್ನು ನಾವು ಸಂಘದ ಯುಗಾದಿ ಊಟದಲ್ಲಿ ಭೇಟಿಯಾಗಿದ್ದೇವೆ.

ಫಲವೂ ಸಣ್ಣದಲ್ಲ. 1970ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ನೂರಕ್ಕೂ ಹೆಚ್ಚು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಮೂರೇ ದಶಕಗಳಲ್ಲಿ ಅದು ಹತ್ತರ ಆಸುಪಾಸಿಗೆ ಇಳಿಯಿತು. ಮನೆಮನೆಯಲ್ಲೂ ಕಣ್ಣು ಕಳೆಯುತ್ತಿದ್ದ ಟ್ರಕೋಮಾ ರೋಗವನ್ನು ನಿವಾರಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಒಮಾನನ್ನು ಮಾನ್ಯ ಮಾಡಿತು.

ನೀರಿನ ಪಾಲು

ಅನ್ನ ಕಡಲಿನಿಂದ ಬಂತು; ನೀರು? ಒಳನಾಡಿನ ಹಳ್ಳಿಗಳಿಗೆ ಬೆಟ್ಟದ ಬುಡದಿಂದ ಸುರಂಗ, ಕಾಲುವೆಗಳಲ್ಲಿ ನೀರು ತರುವ 'ಫಲಜ್' ಪದ್ಧತಿಯಿದೆ. ಸುಮಾರು 3,000 ಫಲಜ್‌ಗಳು ಇಂದಿಗೂ ಹರಿಯುತ್ತಿದ್ದು, ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಗೆ ಸೇರಿಸಿತು. ನೀರನ್ನು ಅಳತೆಯಿಂದಲ್ಲ, ಹೊತ್ತಿನಿಂದ ಹಂಚುತ್ತಾರೆ: ಹಗಲು ಸೂರ್ಯನ ನೆರಳು, ರಾತ್ರಿ ನಕ್ಷತ್ರ ನೋಡಿ. ನಿಝ್ವಾದ ಫಲಜ್ ದಾರಿಸ್ ಮೊದಲ ಬಾರಿ ಕಂಡಾಗ ನಮಗೆ ನೆನಪಾದದ್ದು ಕಾಸರಗೋಡು, ಬಂಟ್ವಾಳದ ಕಡೆಯ ತೋಟಗಳ ಸುರಂಗ. ಅಡ್ಯನಡ್ಕದ ಹತ್ತಿರ ಒಬ್ಬರೇ ಗುಡ್ಡ ಕೊರೆದು ನೀರು ತಂದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ಲ, ಅದೇ ಸುರಂಗ. ಈ ವಿದ್ಯೆ ಅರಬ್ಬೀ ಕಡಲಿನ ವ್ಯಾಪಾರದೊಡನೆ ನಮ್ಮಲ್ಲಿಗೆ ಬಂದಿತೆಂದು ಕೆಲವು ವಿದ್ವಾಂಸರ ಮತ, ಅಲ್ಲಿಯೇ ಹುಟ್ಟಿತೆಂದು ಇನ್ನು ಕೆಲವರದು. ಅಕ್ಕಿಗೆ ಬದಲಾಗಿ ನೀರಿನ ವಿದ್ಯೆ ಬಂದಿದ್ದರೆ ಅದು ನ್ಯಾಯವಾದ ವ್ಯಾಪಾರವೇ.

ನಗರಕ್ಕಾದರೆ 1976ರಲ್ಲಿ ಘುಬ್ರಾದಲ್ಲಿ ಕಡಲ ನೀರನ್ನು ಸಿಹಿಯಾಗಿಸುವ ಸ್ಥಾವರ ಬಂತು. ಮಸ್ಕತ್ತು ಮೈ ಚಾಚಿ ಬೆಳೆದದ್ದು ಆಮೇಲೆ. ಹಾಗೆಂದು ಮಳೆಯನ್ನು ಮರೆಯುವಂತಿಲ್ಲ. 2007ರ ಜೂನಿನ ಗೋನು ಚಂಡಮಾರುತದಲ್ಲಿ ಒಣಗಿ ಬಿದ್ದಿದ್ದ ಹಳ್ಳಗಳು ಕಾರುಗಳನ್ನೇ ಹೊತ್ತೊಯ್ದದ್ದನ್ನು ಕಂಡವರು ನಮ್ಮ ಸಂಘದಲ್ಲಿ ಅನೇಕರಿದ್ದಾರೆ.

ಹೋಗುವ ಮೊದಲು

ಇಷ್ಟನ್ನೂ ಹೇಳಿದ್ದು ಯಾಕೆ? ನಾವು ಈ ನೆಲಕ್ಕೆ ಬಂದ ಮೊದಲಿಗರಲ್ಲ ಎನ್ನಲು. ಕೊನೆಯವರೂ ಅಲ್ಲ ಎನ್ನಲು. ಆದರೆ ಇಲ್ಲಿ ನಾವು ಉಳಿಯುವವರಲ್ಲ. ಕೆಲಸವಿರುವ ತನಕ ವೀಸಾ, ವೀಸಾ ಇರುವ ತನಕ ಮನೆ. ನಾವು ಬೆಳಗಿನ ರೌಂಡ್ಸಿನಲ್ಲಿ ಪಾಠ ಹೇಳಿದ ಒಮಾನಿ ರೆಸಿಡೆಂಟುಗಳು ಈಗ ನಮಗಿಂತ ಚೆನ್ನಾಗಿ ರೋಗ ಹಿಡಿಯುತ್ತಾರೆ. ಒಂದು ದಿನ ಅವರಲ್ಲೊಬ್ಬರು ನಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಅದು ಸರಿಯೇ. ಕಲಿಸಿದವನಿಗೆ ಅದಕ್ಕಿಂತ ದೊಡ್ಡ ಸಂಬಳವಿಲ್ಲ. ಎರಡು ವರ್ಷದ ಕೂಸಾಗಿ ಬಂದ ನಮ್ಮ ಮಗಳಿಗೆ ಮಾತ್ರ "ವಾಪಸು" ಎಂಬ ಪದದ ಅರ್ಥ ಇನ್ನೂ ತಿಳಿದಿಲ್ಲ. ಅವಳು ಹೋಗುವುದು, ನಾವು ಮರಳುವುದು.

ಕಳೆದ ವರ್ಷ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ಹಳೆಯ ಕಾಗದಗಳ ಪೆಟ್ಟಿಗೆಯೊಂದು ಕಸದ ಡಬ್ಬದ ಪಕ್ಕದಲ್ಲಿತ್ತು. ಸಾಮಾನು ಹೊರಲು ಹೋಗಿದ್ದ ನಾವು ಕುತೂಹಲಕ್ಕೆ ತೆರೆದೆವು. ಕೈಬರಹದ ನಾಟಕದ ಪ್ರತಿ, ರಾಜ್ಯೋತ್ಸವದ ಆಹ್ವಾನ ಪತ್ರಿಕೆ, ಚಂದಾ ಪುಸ್ತಕ, ಯಾರು ಎಷ್ಟು ಅಕ್ಕಿ, ಎಷ್ಟು ತೆಂಗಿನಕಾಯಿ ಕೊಟ್ಟರೆಂಬ ಪಟ್ಟಿ. "ಇದೆಲ್ಲ ಯಾರಿಗೆ ಬೇಕು ಡಾಕ್ಟ್ರೇ?" ಎಂದರು ಅವರು. ಬೇಕು ಸ್ವಾಮಿ. ಮಾವೋಜಿ ಸೇಠನ ಕಾಲದ ಅಂಥದೇ ಒಂದು ಪಟ್ಟಿ ಉಳಿದಿದ್ದರೆ ಇಲ್ಲಿಗೆ ಬಂದ ಮೊದಲ ಕನ್ನಡಿಗನ ಹೆಸರು ನಮಗೆ ಗೊತ್ತಿರುತ್ತಿತ್ತು. ಪೆಟ್ಟಿಗೆ ಈಗ ನಮ್ಮ ಮನೆಯಲ್ಲಿದೆ.

ಆದ್ದರಿಂದ ಓದುಗ ಮಿತ್ರರಲ್ಲಿ ವಿನಂತಿ. ನೀವು ಬಂದ ವರ್ಷ, ಬಂದ ಬಗೆ, ಮೊದಲ ಮನೆ, ಮೊದಲ ಸಂಬಳ, ಮೊದಲ ಹಬ್ಬ ಇಷ್ಟನ್ನು ಎರಡೇ ಪುಟ ಕನ್ನಡದಲ್ಲಿ ಬರೆದು ಸಂಘಕ್ಕೆ ಕೊಡಿ. ವೈದ್ಯರ ಅಕ್ಷರಕ್ಕಿಂತ ನಿಮ್ಮ ಅಕ್ಷರ ಖಂಡಿತ ಚೆನ್ನಾಗಿರುತ್ತದೆ. ಹೊರಡುವವರು ಹೊರಡುವ ಮೊದಲೇ ಕೊಡಿ.

ಅಂದಹಾಗೆ, ಕುಚ್ಚಲಕ್ಕಿ ಇಲ್ಲಿ ಧಾರಾಳ ಸಿಗುತ್ತದೆ. ಅಮ್ಮನಿಗೆ ಹೇಳಿದ್ದೇವೆ.